ನನ್ನ ಏಕ್-ದೋ-ತೀನಿಗೆ ಬಗ್ಗದ ಭುಜ

ಗಡಿಯಾರದ ಗಂಟೆಗಿಂತ ಮೊದಲೇ ಏಳುವ ಮನುಷ್ಯನನ್ನು ಮನೆಯವರು ಗೌರವಿಸುತ್ತಾರೆ. ಆದರೆ ಅವನು ಎರಡು ದಿನ ಪರವೂರಿಗೆ ಹೊರಟರೆ ಯಾರೂ ತಡೆಯುವುದಿಲ್ಲ. ಇದು ನನ್ನ ಅನುಭವದ ಮಾತು. ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಹೈಸ್ಕೂಲುಗಳಲ್ಲಿ ಮೂವತ್ತೊಂದು ವರ್ಷ ಡ್ರಿಲ್ ಮಾಸ್ತರನಾಗಿದ್ದು, ನಿವೃತ್ತನಾದ ಮೇಲೆ ಸಿಂದಗಿಯಲ್ಲಿ ಮನೆ ಮಾಡಿದವನು ನಾನು. ಐದಕ್ಕೆ ಏಳುವುದು, ಐದೂಕಾಲಿಗೆ ನಡಿಗೆ, ಆರಕ್ಕೆ ಚಹಾ, ಆರೂಕಾಲಿಗೆ ಅಂಗಳದಲ್ಲಿ ಹದಿನಾರು ಎಣಿಕೆಯ ವ್ಯಾಯಾಮ ನಾಲ್ಕು ಸುತ್ತು. ಚಪ್ಪಲಿಗಳನ್ನು ಬಾಗಿಲ ಬಳಿ ತುದಿ ಹೊರಗೆ ಮಾಡಿ ಸಾಲಾಗಿ ಬಿಡಬೇಕು. ಬಂದ ನೆಂಟರು ಅಡ್ಡಾದಿಡ್ಡಿ ಬಿಟ್ಟರೆ ಅವರು ನೀರು ಕುಡಿಯುವಷ್ಟರಲ್ಲಿ ನಾನೇ ಹೋಗಿ ಸರಿಪಡಿಸಿ ಬರುತ್ತೇನೆ. ಇದರಿಂದ ಕೆಲವು ನೆಂಟರು ಬರುವುದನ್ನು ನಿಲ್ಲಿಸಿದ್ದಾರೆ ಎಂದು ನನ್ನ ಹೆಂಡತಿ ನೀಲಮ್ಮ ಹೇಳುತ್ತಾಳೆ. ಸಾಲು ನೇರವಾಗಿದ್ದರೆ ಅಷ್ಟು ನಷ್ಟ ಸಹಿಸಬಹುದು ಎಂದು ನನ್ನ ಅಭಿಪ್ರಾಯ.

ಇಂಥ ಮನೆಯಲ್ಲಿ ನೀಲಮ್ಮನ ಬಲ ಭುಜ ಹಿಡಿದುಕೊಂಡಿತು. ಮೊದಲು ನೋವು, ಆಮೇಲೆ ಬಿಗಿತ. ಕೈ ಭುಜದ ಮಟ್ಟಕ್ಕೆ ಬಂದು ಅಲ್ಲೇ ನಿಂತುಬಿಡುತ್ತಿತ್ತು. ಹೆಚ್ಚು ಬೇಸರವಾದದ್ದು ತುರುಬಿನ ವಿಷಯಕ್ಕೆ. ಮದುವೆಯಾದಾಗಿನಿಂದ ತನ್ನ ತುರುಬಿಗೆ ಇನ್ನೊಬ್ಬರ ಕೈ ತಾಗಗೊಟ್ಟವಳಲ್ಲ; ಈಗ ಬಾಚಣಿಗೆ ಹಿಡಿದು ಇನ್ನೊಬ್ಬರ ಮುಂದೆ ಕೂರಬೇಕಾಯಿತು. ಒಂದು ದಿನ ನಾನೇ ಕಟ್ಟಲು ಹೋದೆ. ಹಗ್ಗಜಗ್ಗಾಟದ ಹಗ್ಗಕ್ಕೆ ಗಂಟು ಹಾಕಿ ರೂಢಿಯಿದ್ದ ಕೈ ನನ್ನದು. ಕನ್ನಡಿ ನೋಡಿಕೊಂಡು ಅವಳು ತಲೆಯ ಮೇಲೆ ಸೆರಗು ಹೊದ್ದುಕೊಂಡಳು. ಅಂದು ಸಂಜೆಯವರೆಗೂ ತೆಗೆಯಲಿಲ್ಲ.

ಬಿಜಾಪುರದ ಡಾಕ್ಟರು ನೋಡಿ, ಔಷಧಿಗಿಂತ ವ್ಯಾಯಾಮ ಮುಖ್ಯ ಎಂದರು. ಗೋಡೆಗೆ ಬೆರಳು ಹಚ್ಚಿ ಇರುವೆ ಹತ್ತಿದ ಹಾಗೆ ಮೆಲ್ಲಗೆ ಮೇಲೆ ಹತ್ತಿಸಬೇಕು, ದಿನಕ್ಕೆ ಎರಡು ಹೊತ್ತು. ಮೂರು ತಿಂಗಳಲ್ಲಿ ಕೈ ಏಳದಿದ್ದರೆ ಅರಿವಳಿಕೆ ಮದ್ದು ಕೊಟ್ಟು ಭುಜವನ್ನು ತಿರುಗಿಸಿ ಸಡಿಲಿಸಬೇಕಾಗುತ್ತದೆ, ಅದರಿಂದಲೂ ಪೂರ್ತಿ ಬರುತ್ತದೆಂದು ಹೇಳಲಾಗದು ಎಂದರು. ನೀಲಮ್ಮ ಬಸ್ಸಿನಲ್ಲಿ ಸಿಂದಗಿಯವರೆಗೆ ಎಡಗೈಯಿಂದ ಬಲ ಭುಜ ಹಿಡಿದುಕೊಂಡೇ ಕುಳಿತಿದ್ದಳು. ನಾನು ಮಾತ್ರ ಒಳಗೊಳಗೆ ಹಿಗ್ಗಿದ್ದೆ. ಜಗತ್ತಿನಲ್ಲಿ ನನಗೆ ಗೊತ್ತಿದ್ದ ಏಕೈಕ ವಿದ್ಯೆಯನ್ನೇ ಡಾಕ್ಟರು ಔಷಧಿಯಾಗಿ ಬರೆದುಕೊಟ್ಟಿದ್ದರು.

ಮರುದಿನವೇ ನಡುಮನೆಯ ಗೋಡೆಗೆ ಸುಣ್ಣದ ಕಡ್ಡಿಯಿಂದ, ಅವಳ ಭುಜದ ಮಟ್ಟದಿಂದ ಮೇಲಕ್ಕೆ, ಅಂಗುಲಕ್ಕೊಂದರಂತೆ ಮೂವತ್ತು ಗೆರೆ ಎಳೆದು ನಂಬರು ಹಾಕಿದೆ. ಬೆಳಿಗ್ಗೆ ಆರೂವರೆಗೆ ನೀಲಮ್ಮನನ್ನು ಗೋಡೆಯ ಮುಂದೆ ನಿಲ್ಲಿಸಿ ಸೀಟಿ ಊದಿದೆ. ಎದುರು ಮನೆಯವರು ಹೊರಗೆ ಬಂದು ನೋಡಿದರು. ಏಕ್, ದೋ, ತೀನ್ ಎಂದು ಶುರು ಮಾಡಿದೆ. ಹತ್ತು ದಿನ ನಡೆಯಿತು. ಕೈ ನಾಲ್ಕನೇ ಗೆರೆ ದಾಟಲಿಲ್ಲ. ಹನ್ನೊಂದನೇ ದಿನ ಅವಳು ಗೋಡೆಯ ಮುಂದೆ ಬರಲೇ ಇಲ್ಲ. ಶಿಸ್ತಿನ ಬಗ್ಗೆ ನಾನು ಸ್ವಲ್ಪ ಮಾತಾಡಿದೆ. ಅವಳು ಕಾಳು ಆರಿಸುವುದನ್ನು ಬಿಡದೆ ಹೇಳಿದಳು: “ಮೂವತ್ತೊಂದು ವರ್ಷ ಸಾಲಿ ಮಕ್ಕಳು ನಿಮ್ಮ ಮಾತು ಕೇಳ್ಯಾರ, ಖರೆ. ಅವಕ್ಕ ಮನಿಗಿ ಹೋಗಾಕ ಗಂಟಿ ಹೊಡೀತಿತ್ತು. ನನಗ ಯಾವ ಗಂಟಿ ಐತಿ?”

ಆ ಹೊತ್ತಿಗೆ ನಮ್ಮ ಮನೆಯಲ್ಲಿ ರೇಖಾ ಇದ್ದಳು. ನೀಲಮ್ಮನ ತಮ್ಮನ ಮಗಳು, ಚಡಚಣದವಳು; ಸಿಂದಗಿಯ ಪ್ರಾಥಮಿಕ ಶಾಲೆಗೆ ಶಿಕ್ಷಕಿಯಾಗಿ ಹೊಸದಾಗಿ ಬಂದು ನಮ್ಮಲ್ಲೇ ಉಳಿದಿದ್ದಳು. ಅತ್ತೆಯ ತುರುಬು ಕಟ್ಟುವ ಕೆಲಸ ಅವಳದಾಗಿತ್ತು. ಚಡಚಣದವರಿಗೆ ಸೊಲ್ಲಾಪುರ ಮಗ್ಗುಲ ಮನೆ ಇದ್ದ ಹಾಗೆ. ಅಲ್ಲಿಂದ ಅವಳೊಂದು ಕ್ಯಾಸೆಟ್ಟು ತಂದಿದ್ದಳು. ಅಂಗಡಿಯವನು ಪ್ರತಿ ಮಾಡಿ ಕೊಟ್ಟದ್ದು. ಮೇಲೆ ಪೆನ್ಸಿಲಿನಲ್ಲಿ ಬರೆದ ಇಂಗ್ಲಿಷ್ ಅಕ್ಷರ ಅರ್ಧ ಅಳಿಸಿತ್ತು. ವಿಲಾಯತಿಯಲ್ಲಿ ಹುಡುಗ ಹುಡುಗಿಯರು ಇದಕ್ಕೆ ಕುಣಿಯುತ್ತಾರಂತೆ. ಒಂದು ರವಿವಾರ ಅದನ್ನು ಹಾಕಿದಳು.

ಮೊದಲು ಯಾರೋ ರೇಡಿಯೋದಲ್ಲಿ ಸುದ್ದಿ ಓದಿದ ಹಾಗೆ ಎರಡು ಮಾತು. ಕೂಡಲೇ ನಗಾರಿ. ನಗಾರಿ ಎಂದರೆ ಸಾಧಾರಣ ನಗಾರಿಯಲ್ಲ. ಅಡುಗೆಮನೆಯ ಗೋಡೆಯ ಮಾಡದಲ್ಲಿ ತಾಟುಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು. ಅದರ ಮೇಲೆ ಒಬ್ಬ ಹೆಂಗಸು ಅರ್ಧ ಸಾಲು ಹಾಡಿದಳು. ಮತ್ತೆ ಅದೇ ಅರ್ಧ ಸಾಲು. ಮತ್ತೆ ಅದೇ. ಪಾಠ ಮರೆತ ವಿದ್ಯಾರ್ಥಿಯಂತೆ ಅವಳು ಮುಂದಿನ ಅರ್ಧಕ್ಕೆ ಹೋಗಲೇ ಇಲ್ಲ. ನಡುವೆ ಒಂದು ತುತ್ತೂರಿ ತುಂಡು, ಯಾರದೋ ನಗು, ಟೆಲಿಫೋನಿನ ಗಂಟೆ. ಹಾಡುವವರು ಯಾರು ಎಂದು ಕೇಳಿದೆ.

“ಯಾರೂ ಹಾಡೂದಿಲ್ಲರಿ ಮಾಮಾ. ಹಳೇ ರಿಕಾರ್ಡಿನಾಗಿಂದ ಒಂದೊಂದು ತುಣುಕು ಕತ್ತರಿಸಿ ತಂದು ಜೋಡಸ್ತಾರ. ಹೊಡತ ಅಷ್ಟ ಅವರದು.”

ಹಾಗಾದರೆ ಇದು ಕಳವು ಎಂದೆ. ಪರೀಕ್ಷೆಯಲ್ಲಿ ಪಕ್ಕದವನದನ್ನು ನೋಡಿ ಬರೆದವನಿಗೂ ಇವರಿಗೂ ವ್ಯತ್ಯಾಸವೇನು ಎಂದು ಕೇಳಿದೆ. ರೇಖಾ ಉತ್ತರ ಕೊಡುವ ಮೊದಲೇ ನೀಲಮ್ಮ ತಾನು ಕುಳಿತಿದ್ದ ಕೌದಿಯನ್ನು ಎಡಗೈಯಿಂದ ತಟ್ಟಿದಳು. ಹಳೆಯ ಬಟ್ಟೆಯ ತುಂಡುಗಳನ್ನು ಒಂದರ ಪಕ್ಕ ಒಂದಿಟ್ಟು ಹೊಲಿದ ಆ ಕೌದಿ ಅವಳದೇ ಕೈಯದು.

“ಇದು ಏನು ಮತ್ತ? ಇದು ನಿಮ್ಮವ್ವನ ಇಳಕಲ್ ಸೀರಿ, ಇದು ನನ್ನ ಕುಬಸ, ಇದು ನಿಮ್ಮ ಖಾಕಿ ಚಡ್ಡಿ. ಯಾವುದನ್ನೂ ನಾ ನೇದಿಲ್ಲ. ದಾರ ಅಷ್ಟ ನಂದು. ಹಂಗಂತ ಇದಕ್ಕ ಕಳವಿನ ಮಾಲು ಅಂತೀರೇನು?”

ನನ್ನ ಖಾಕಿ ಚಡ್ಡಿ ಸಾಕ್ಷಿಗೆ ಬಂದ ಮೇಲೆ ವಾದ ಮುಂದುವರಿಸುವುದು ಕಷ್ಟವಾಯಿತು. ಅಷ್ಟರಲ್ಲಿ ಇನ್ನೊಂದು ಸಂಗತಿ ನಡೆಯಿತು. ಮಾತಾಡುತ್ತಲೇ ನೀಲಮ್ಮ ಎದ್ದು ಗೋಡೆಯ ಬಳಿ ಹೋಗಿ ನಿಂತಿದ್ದಳು. ಎರಡು ಹೊಡೆತಕ್ಕೊಮ್ಮೆ ಅವಳ ಬೆರಳು ಒಂದು ಗೆರೆ ಏರುತ್ತಿತ್ತು, ಇಳಿಯುತ್ತಿತ್ತು. ಐದನೇ ಗೆರೆ ಮುಟ್ಟಿದ್ದನ್ನು ನಾನು ಕಣ್ಣಾರೆ ಕಂಡೆ.

ಅಂದಿನಿಂದ ಆ ಕ್ಯಾಸೆಟ್ಟು ಎರಡು ಹೊತ್ತೂ ನಡೆಯತೊಡಗಿತು. ನಾನು ಪಕ್ಕದಲ್ಲಿ ಕುರ್ಚಿ ಹಾಕಿ ಕೂರುತ್ತಿದ್ದೆ, ಮೇಲ್ವಿಚಾರಣೆಗೆ. ನಾಲ್ಕೈದು ದಿನದಲ್ಲಿ ಒಂದು ವಿಷಯ ತಿಳಿಯಿತು. ಅದನ್ನು ಯಾರ ಮುಂದೂ ಹೇಳಿರಲಿಲ್ಲ, ಈಗ ಹೇಳುತ್ತೇನೆ. ಆ ಸಂಗೀತದಲ್ಲಿ ನಡುವೆ ಒಮ್ಮೆ ನಗಾರಿಯನ್ನು ಪೂರಾ ತೆಗೆದುಬಿಡುತ್ತಾರೆ. ಅರ್ಧ ಸಾಲಿನ ಹೆಂಗಸು ಒಬ್ಬಳೇ ಉಳಿಯುತ್ತಾಳೆ. ಈಗ ಬರುತ್ತದೆ ಎಂದು ಕಾಯುತ್ತೇವೆ, ಬರುವುದಿಲ್ಲ. ಉಸಿರು ಹಿಡಿದು ಇನ್ನೂ ಕಾಯುತ್ತೇವೆ. ಆಮೇಲೆ ಒಮ್ಮೆಗೇ ಎಲ್ಲವೂ ಕೂಡಿ ಬಂದು ಬೀಳುತ್ತದೆ. ಕುರ್ಚಿಯಲ್ಲಿ ಕುಳಿತವನ ಬೆನ್ನೂ ನೆಟ್ಟಗಾಗುತ್ತದೆ. ಡ್ರಿಲ್ಲಿನ ಗುಟ್ಟೂ ಇದೇ. ಬಲಕ್ಕೆ ತಿರುಗಿಸುವಾಗ ‘ದಾಹಿನೇ’ ಎಂದ ಮೇಲೆ ‘ಮುಡ್’ ಅನ್ನುವ ಮೊದಲು ಒಂದು ಖಾಲಿ ಜಾಗವಿದೆ. ಮುನ್ನೂರು ಮಕ್ಕಳು ಆ ಖಾಲಿಯಲ್ಲಿ ತೂಗಾಡುತ್ತಿರುತ್ತಾರೆ. ಅದನ್ನು ಎಷ್ಟು ಹೊತ್ತು ಹಿಡಿಯಬೇಕೆಂದು ಬಲ್ಲವನೇ ಮಾಸ್ತರ. ವಿಲಾಯತಿಯ ಯಾವನೋ ಹುಡುಗ ಕೋಣೆಯಲ್ಲಿ ಕುಳಿತು ಹಳೆಯ ರೆಕಾರ್ಡು ಕತ್ತರಿಸುತ್ತ ಇದನ್ನು ಕಂಡುಕೊಂಡಿದ್ದ. ನನ್ನ ಕೆಲಸ ಬಲ್ಲವನು ಇನ್ನೊಬ್ಬನಿದ್ದಾನೆ ಎಂದು ಸಂತೋಷವಾಯಿತು.

ಸಂತೋಷವಾದವನು ಸುಮ್ಮನೆ ಕೂರಬೇಕಿತ್ತು. ಅದರ ಜೊತೆ ನಾನೂ ಎಣಿಸತೊಡಗಿದೆ. ಆಗ ಕಂಡದ್ದೇನೆಂದರೆ, ಹದಿನಾರಕ್ಕೆ ನಾನು ಮುಟ್ಟಿದಾಗ ಕ್ಯಾಸೆಟ್ಟು ಇನ್ನೂ ಹದಿನೈದರಲ್ಲಿ ಇರುತ್ತಿತ್ತು. ಟೇಪ್ ರೆಕಾರ್ಡರಿನ ಬೆಲ್ಟು ಸಡಿಲಾಗಿದೆ ಎಂದು ತೀರ್ಮಾನಿಸಿ ಬಸ್ ನಿಲ್ದಾಣದ ಹತ್ತಿರದ ರಿಪೇರಿಯವನಲ್ಲಿಗೆ ಒಯ್ದೆ. ಅವನು ತೆಗೆದು ನೋಡಿ, ಬೆಲ್ಟು ಹೊಸದಿದೆ, ಮಷೀನಿನಲ್ಲಿ ಏನೂ ದೋಷವಿಲ್ಲ ಎಂದ. ನಾನು ನಂಬಲಿಲ್ಲ. ನಂಬಿಸುವ ಕೆಲಸ ರೇಖಾ ಮಾಡಿದಳು. ನಿವೃತ್ತಿಯ ದಿನ ಬಾಗೇವಾಡಿಯ ಶಾಲೆಯವರು ನನಗೆ ಕೊಟ್ಟ ಸ್ಟಾಪ್‌ವಾಚನ್ನೇ ಹಿಡಿದು ಕುಳಿತಳು. ಹದಿನಾರು ಎಣಿಕೆಗೆ ಕ್ಯಾಸೆಟ್ಟು ನಾಲ್ಕು ಸಲವೂ ಹದಿನೇಳು ಸೆಕೆಂಡು ತೆಗೆದುಕೊಂಡಿತು. ನಾನು ಮೊದಲ ಸಲ ಹದಿನೇಳು, ಎರಡನೇ ಸಲ ಹದಿನಾರು, ನಾಲ್ಕನೇ ಸಲಕ್ಕೆ ಹದಿನಾಲ್ಕು.

ರೇಖಾ ಒಳ್ಳೆಯ ಹುಡುಗಿ, ಗಡಿಯಾರ ಕೆಳಗಿಟ್ಟು ಚಹಾ ಮಾಡಲು ಹೋದಳು. ನೀಲಮ್ಮ ಮಾತ್ರ ಹೇಳಿದಳು: “ನನಗ ಮೊದಲಿಂದ ಗೊತ್ತೈತಿ. ಹತ್ತು ಆದ ಮ್ಯಾಲ ನೀವು ಓಡಾಕ ಹತ್ತತೀರಿ. ನನ್ನ ಕೈ ಓಡೂದಿಲ್ರಿ, ಬ್ಯಾನಿ ಆಗತೈತಿ. ಅದಕ್ಕ ಬಿಟ್ಟೆ.”

ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದೆ. ಹೇಳಿದ್ದರೆ ನೀವು ಸೀಟಿ ಊದುತ್ತಿದ್ದಿರಿ ಎಂದಳು.

ಆಗ ನನಗೆ ಇಂಡಿಯ ಹುಸೇನಸಾಬ ನೆನಪಾದ. ಶಾಲೆಯ ಜವಾನ, ಕವಾಯತಿಗೆ ಅವನೇ ಡೋಲು ಬಾರಿಸುವವನು. ಪ್ರತಿ ವರ್ಷ ಕವಾಯತಿಗೆ ಮೊದಲು ನನ್ನ ಬಳಿ ಬಂದು, “ನೀವು ಮುಂದ ನಡೀರಿ ಸರ್, ನಾ ಹಿಂದಿಂದ ಬರ್ತೇನಿ” ಅನ್ನುತ್ತಿದ್ದ. ಅದನ್ನು ನಾನು ವಿನಯವೆಂದು ತಿಳಿದು ಅವನ ಬೆನ್ನು ತಟ್ಟುತ್ತಿದ್ದೆ. ಮೂರು ತಾಲ್ಲೂಕುಗಳಲ್ಲಿ ಎಷ್ಟು ಸಾವಿರ ಮಕ್ಕಳು ನನ್ನ ಹದಿನಾಲ್ಕು ಸೆಕೆಂಡಿನ ಹಿಂದೆ ಏದುಸಿರು ಬಿಟ್ಟಿರಬೇಕು ಎಂದು ಯೋಚಿಸುತ್ತ ಅಂದು ಸಂಜೆಯೂ ಒಂದು ನಡಿಗೆಗೆ ಹೋದೆ. ನಡಿಗೆಯೂ ಬೇಗ ಮುಗಿಯಿತು.

ಮುಂದೆ ಮಾಡಿದ ಕೆಲಸಕ್ಕೆ ಒಳ್ಳೆಯ ಹೆಸರಿಲ್ಲ. ಒಂದು ತಿಂಗಳಾದ ಮೇಲೆ, ನೀಲಮ್ಮನ ಬೆರಳು ಹದಿನೆಂಟನೇ ಗೆರೆಯ ಹತ್ತಿರ ಬಂದಿದ್ದಾಗ, ಮುದ್ದೇಬಿಹಾಳದಲ್ಲಿ ಹಳೆಯ ಶಿಷ್ಯನೊಬ್ಬನ ಮಗಳ ಮದುವೆಯಿತ್ತು. ಹೊರಡುವ ಬೆಳಿಗ್ಗೆ, ಯಾರೂ ನೋಡದ ಹೊತ್ತಿನಲ್ಲಿ ಕ್ಯಾಸೆಟ್ಟನ್ನು ತೆಗೆದು ಮೂಲೆಯ ಕಬ್ಬಿಣದ ಕಪಾಟಿನ ಮೇಲೆ ಇಟ್ಟೆ. ಎರಡು ದಿನ ಅದಿಲ್ಲದೆ ಇದ್ದರೆ ನನ್ನ ಎಣಿಕೆಯ ಬೆಲೆ ಗೊತ್ತಾಗುತ್ತದೆ ಎಂಬುದು ವಿಚಾರ. ಅಷ್ಟರಲ್ಲಿ ನಾನೂ ಸಾವಕಾಶವಾಗಿ ಎಣಿಸುವುದನ್ನು ರೂಢಿ ಮಾಡಿಕೊಂಡು ಬರಬಹುದಿತ್ತು. ತಾಳಿಕೋಟೆಯ ದಾರಿಯಲ್ಲಿ ಬಸ್ಸಿನ ಕಿಟಕಿಗೆ ಮುಖ ಮಾಡಿ ಅದನ್ನೇ ಮಾಡಿದೆ. ಪಕ್ಕದವರು ಜಪವೆಂದು ತಿಳಿದು ಕಾಲು ಸರಿಸಿ ಕುಳಿತರು.

ಮರುದಿನ ಮಧ್ಯಾಹ್ನ ಮೂರಕ್ಕೆ ಸಿಂದಗಿಯಲ್ಲಿ ಇಳಿದು ಓಣಿಗೆ ತಿರುಗಿದಾಗಲೇ ನಗಾರಿ ಕೇಳಿಸಿತು. ರೇಖಾ ಐದರವರೆಗೆ ಶಾಲೆಯಲ್ಲಿರುತ್ತಾಳೆ. ನೀಲಮ್ಮ ಒಬ್ಬಳೇ ಗೋಡೆಯ ಮುಂದೆ ನಿಂತಿದ್ದಳು. ನಾನು ಚೀಲ ಇಳಿಸದೆ ನೇರವಾಗಿ ಕಪಾಟಿನ ಹತ್ತಿರ ಹೋಗಿ, ಕುರ್ಚಿ ಹಾಕಿ ಹತ್ತಿ ನೋಡಿದೆ. ಧೂಳಿನಲ್ಲಿ ಕ್ಯಾಸೆಟ್ಟಿನ ಅಳತೆಯ ಸ್ವಚ್ಛ ಜಾಗ, ಅದರ ಪಕ್ಕ ನಾಲ್ಕು ಬೆರಳಿನ ಗುರುತು. ಎಡಗೈಯದೋ ಬಲಗೈಯದೋ ಎಂದು ಬಗ್ಗಿ ನೋಡಿದೆ. ಬಲಗೈ.

“ಕುರ್ಚಿ ಮ್ಯಾಲ ಹತ್ತಿ ತಗದಿ ಏನು?” ಎಂದು ಕೇಳಿದೆ.

“ಬಿದ್ದೇನು ಅಂತ ಅಂಜಿ ಹತ್ತಲಿಲ್ಲ. ನೀವು ಮುಚ್ಚಿಡೂದು ಅಲ್ಲೇ ಅಂತ ಗೊತ್ತಿತ್ತು. ಮೊದಲ ಎಡಗೈಲೆ ನೋಡಿದೆ, ಆ ಮೂಲ್ಯಾಗ ಗ್ವಾಡಿ ಅಡ್ಡ ಬರತಿತ್ತು. ಬಲಗೈ ಕಪಾಟಿಗೆ ಹಚ್ಚಿ ಇರಿವಿ ಹತ್ತಿಸಿದಂಗ ಹತ್ತಿಸಿದೆ. ಮೂರು ಸಲ ಇಳಿಸಿದೆ, ನಾಕನೇ ಸಲಕ್ಕ ಸಿಕ್ತು.” ಇಷ್ಟು ಹೇಳಿ ಟೇಪ್ ನಿಲ್ಲಿಸಿ, “ಇನ್ನಷ್ಟು ಹಿಂದಕ ಇಟ್ಟಿದ್ರ ಸಿಗತಿರಲಿಲ್ಲ ನೋಡ್ರಿ” ಎಂದಳು.

ಕುರ್ಚಿಯ ಮೇಲೆ ನಿಂತವನಿಗೆ ಬೈಯುವುದೂ ಕಷ್ಟ, ಕ್ಷಮೆ ಕೇಳುವುದೂ ಕಷ್ಟ. ಇಳಿದು ಬಂದೆ. ಅವಳು ಬೆನ್ನು ತಿರುಗಿಸಿ ನಿಂತಳು. ತುರುಬು ಒಂದು ಕಡೆ ವಾಲಿತ್ತು, ಎರಡು ಕಡೆ ಕೂದಲು ಬಿಚ್ಚಿಕೊಂಡಿತ್ತು. ಅದು ರೇಖಾ ಕಟ್ಟಿದ್ದಲ್ಲ. ನಾನು ದಿನಚರಿಯ ಪುಸ್ತಕ ತೆರೆದು ಈ ಸಂಗತಿಯನ್ನು ಬರೆಯಲು ಕುಳಿತೆ. ಅವಿಧೇಯತೆ ಎಂದು ಬರೆಯಲೋ ಆರೋಗ್ಯ ಎಂದು ಬರೆಯಲೋ ತಿಳಿಯದೆ ಆ ದಿನದ ಪುಟ ಖಾಲಿ ಬಿಟ್ಟೆ.

ಹದಿನೈದು ದಿನದ ನಂತರ ಬಿಜಾಪುರದ ಡಾಕ್ಟರ ಮುಂದೆ ಅವಳು ಕೈಯನ್ನು ಕಿವಿಯ ಪಕ್ಕಕ್ಕೆ ಎತ್ತಿ ತೋರಿಸಿದಳು. ಅರಿವಳಿಕೆಯ ಅಗತ್ಯವೇ ಇಲ್ಲ ಎಂದರು ಡಾಕ್ಟರು. ಇಷ್ಟು ಬೇಗ ಹೇಗೆ ಎಂದು ಕೇಳಿದರು. ನಾನು ಚಾವಣಿಯ ಪಂಖ ನೋಡುತ್ತಿದ್ದೆ. ನೀಲಮ್ಮ, “ನಮ್ಮ ಮನಿಯವರು ಡ್ರಿಲ್ ಮಾಸ್ತರ್ರಿ. ನಾ ಕೈ ಎತ್ತೂವಂಗ ಅವರ ಮಾಡಿದರು” ಎಂದಳು. ಇದರಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ. ಅದೇ ನನಗೆ ಕಷ್ಟವಾದದ್ದು. ಡಾಕ್ಟರು ಎದ್ದು ನನ್ನ ಕೈ ಕುಲುಕಿ, ತಮ್ಮಲ್ಲಿ ಇಂಥ ಭುಜದವರು ಏಳೆಂಟು ಜನ ಇದ್ದಾರೆ, ಯಾರೂ ವ್ಯಾಯಾಮ ಮಾಡುವುದಿಲ್ಲ, ವಾರಕ್ಕೊಮ್ಮೆ ತಾವು ಬಂದು ಎಣಿಕೆ ಹಾಕಿಸಿದರೆ ದೊಡ್ಡ ಉಪಕಾರ ಎಂದರು. ಮೂವತ್ತೊಂದು ವರ್ಷದಲ್ಲಿ ನನ್ನನ್ನು ಯಾರೂ ಹೀಗೆ ಕೇಳಿರಲಿಲ್ಲ. ಬರುತ್ತೇನೆ, ಸಮಯಕ್ಕೆ ಸರಿಯಾಗಿ ಬರುತ್ತೇನೆ ಎಂದೆ. ಸಂಜೆ ಮನೆಗೆ ಬಂದವನೇ ರೇಖಾಳನ್ನು ಪಕ್ಕಕ್ಕೆ ಕರೆದು, ಸೊಲ್ಲಾಪುರಕ್ಕೆ ಹೋದಾಗ ಬಿಜಾಪುರಕ್ಕೆ ಒಯ್ಯಲು ಆ ಕ್ಯಾಸೆಟ್ಟಿನದು ಇನ್ನೊಂದು ಪ್ರತಿ ಮಾಡಿಸಿಕೊಂಡು ಬಾ, ಯಾರಿಗೆ ಎಂದು ಅತ್ತೆ ಕೇಳಿದರೆ ಹೇಳಬೇಡ ಎಂದೆ.