ಕೈ ಮಾಡಿದಲ್ಲೆಲ್ಲ ನಿಲ್ಲುವ ಕಾರು

"ಅತ್ತಿಗೆ, ಲೋಟದ ಅಂಚಿನ ತನಕ ಮಜ್ಜಿಗೆ ತುಂಬ್ಸಿ! ಕೈ ಹಿಡೀಬೇಡಿ!" ಎಂದು ನನ್ನ ಮೈದುನ ಪಂಚಾಕ್ಷರಿ ಅಂಗಳದಿಂದ ಕೂಗಿದ.

ಒಲೆಯ ಮೇಲಿನ ಬೇಳೆ ಬಿಟ್ಟು ಬಂದು ತುಂಬಿಸಿಕೊಟ್ಟೆ. ಆ ಲೋಟವನ್ನು ಅವನು ಕೆಂಪು ಸ್ಪೋರ್ಟ್ಸ್ ಕಾರಿನ ಬಾನೆಟ್ ಮೇಲಿಟ್ಟ. ಸ್ಟೀರಿಂಗ್ ಹಿಡಿದಿದ್ದವಳು ನನ್ನ ಮಗಳು ವಿನುತಾ. ಎರಡೇ ಸೀಟಿನ ಆ ಹಳೆಯ ಕಾರು ಗೇಟಿನಿಂದ ನೀರಿನ ತೊಟ್ಟಿಯವರೆಗೆ ಭರ್ರನೆ ಬಂದು ನಿಂತಿತು. ಒಂದು ಹನಿ ಚೆಲ್ಲಲಿಲ್ಲ!

"ನೋಡಿದ್ರಾ! ಇದೇ ನನ್ನ ಚಾಲಕಾತ್ಮ ಯಂತ್ರ!"

ಪಂಚಾಕ್ಷರಿಯದು ಮೋಟಾರ್ ರಿವೈಂಡಿಂಗ್ ಅಂಗಡಿ. ಯಾವ ವಸ್ತುವನ್ನೂ ಅದರ ಪಾಡಿಗೆ ಬಿಡುವವನಲ್ಲ. ಅವನ ದೋಸೆ ಮಗುಚುವ ಯಂತ್ರ ಎದುರುಮನೆಯ ತಾರಸಿಗೆ ನಾಲ್ಕು ದೋಸೆ ಎಸೆದದ್ದು ಇನ್ನೂ ಯಾರೂ ಮರೆತಿಲ್ಲ. ಈ ಹೊಸ ಯಂತ್ರ ಸ್ಟೀಲಿನ ಊಟದ ಡಬ್ಬಿಯಷ್ಟಿತ್ತು. ನುರಿತ ಚಾಲಕನೊಬ್ಬನ ಕೈಗೆ ಇದರ ಪಟ್ಟಿಯನ್ನು ಒಂದು ತಿಂಗಳು ಕಟ್ಟಿದರೆ ಅವನ ಅಭ್ಯಾಸವನ್ನೆಲ್ಲ ಹೀರಿಕೊಳ್ಳುತ್ತದಂತೆ. ಆಮೇಲೆ ಕಾರಿಗೆ ಜೋಡಿಸಿದರೆ ಕಾರಿಗೇ ಆ ಅಭ್ಯಾಸ ಬರುತ್ತದಂತೆ.

"ಯಾರ ಕೈಗೆ ಕಟ್ಟಿದ್ದೆಯಪ್ಪಾ?"

"ಗುಟ್ಟು ಅತ್ತಿಗೆ! ಈ ಸೀಮೇಲಿ ಅವರಷ್ಟು ಚೆಂದ ಓಡ್ಸೋರೇ ಇಲ್ಲ."

ವಿನುತಾ ವಾರವಿಡೀ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಅವಳ ಜೀವವೆಲ್ಲ ಈ ಕಾರಿನಲ್ಲಿದೆ. ರೇಸ್ ಟ್ರ್ಯಾಕಿನ ಲೈಸೆನ್ಸ್ ಸಿಗಬೇಕಾದರೆ ಮೂರು ಸುತ್ತು ಹಾಕಬೇಕು. ಒಂದೊಂದು ಸುತ್ತೂ ಎರಡು ನಿಮಿಷದೊಳಗೆ ಮುಗಿಯಬೇಕು, ಚಕ್ರ ರಸ್ತೆ ಬಿಟ್ಟಿಳಿಯಬಾರದು. ಹಿಂದೆ ಎರಡು ಸಲವೂ ಮೂರನೇ ತಿರುವಿನಲ್ಲಿ ತಡವಾಗಿ ಬ್ರೇಕ್ ಹಾಕಿ ಮರಳಿಗಿಳಿದಿದ್ದಳು. ಈ ಭಾನುವಾರವೂ ತಪ್ಪಿದರೆ ಇನ್ನೆರಡು ವರ್ಷ ಪರೀಕ್ಷೆಗೇ ಬಿಡುವುದಿಲ್ಲ. "ಇದೊಂದ್ಸಲ ಆಗ್ಬಿಡ್ಲಿ ಅಮ್ಮಾ" ಎಂದು, ಅಕ್ಕಿ ಆರಿಸುತ್ತಿದ್ದ ನನ್ನ ಹೆಗಲಿಗೆ ತಲೆಯಿಟ್ಟಿದ್ದಳು. ಆ ಕಾರು ಕಂಡರೆ ನನಗೆ ಆಗುವುದಿಲ್ಲ. ಆದರೆ ಆ ತಲೆಯ ಭಾರ ನನಗೆ ಗೊತ್ತು.

ಶನಿವಾರ ಅಭ್ಯಾಸದ ಓಟ. ದಾವಣಗೆರೆಯಿಂದ ಗಂಟೆ ದಾರಿಯ ಟ್ರ್ಯಾಕಿಗೆ ಕಾರನ್ನು ಲಾರಿಗೆ ಹೇರಿಸಿ, ಬುತ್ತಿ ಕಟ್ಟಿಕೊಂಡು ಹೋದೆವು. ನನ್ನ ಯಜಮಾನರು ರುದ್ರಮುನಿಯವರು ಛತ್ರಿ ಹಿಡಿದು ಗ್ಯಾಲರಿಯಲ್ಲಿ ಕೂತರು. ಮೂವತ್ತೆರಡು ವರ್ಷ ಸರ್ಕಾರಿ ಬಸ್ಸು ಓಡಿಸಿ ಅವರು ನಿವೃತ್ತರಾಗಿ ಎರಡು ತಿಂಗಳಾಗಿತ್ತು.

ವಿನುತಾಳ ಸರದಿ ಬಂತು. ಬಾವುಟ ಹಿಡಿದವನು ಹಸಿರು ಬಾವುಟ ಬೀಸಿದ. ಕಾರು ಹತ್ತು ಹೆಜ್ಜೆ ಹೋಗಿ ಅವನ ಮುಂದೆ ನೀಟಾಗಿ ನಿಂತಿತು. ಎಡಗಡೆಯ ಬಾಗಿಲು ಟಕ್ಕೆಂದು ತೆರೆಯಿತು!

"ಹೋಗಮ್ಮಾ!" ಎಂದ ಅವನು.

"ಹೋಗ್ತಾ ಇಲ್ಲ ಸಾರ್!" ಎಂದಳು ಇವಳು.

ಯಾರೋ ಸಿಟ್ಟಿನಿಂದ ಸೀಟಿ ಊದಿದರು. ತಕ್ಷಣ ಬಾಗಿಲು ಮುಚ್ಚಿ ಕಾರು ಹೊರಟಿತು. ಮೊದಲ ತಿರುವಿನಲ್ಲಿ ಇನ್ನೊಬ್ಬ ಬಾವುಟದವನು. ಅಲ್ಲೂ ನಿಂತಿತು, ಬಾಗಿಲು ತೆರೆಯಿತು. ಎರಡನೆಯದರಲ್ಲೂ, ಮೂರನೆಯದರಲ್ಲೂ ಅದೇ ಕತೆ! ಬೇಲಿಯಾಚೆ ನಿಂತು ಹೆಂಡತಿಯನ್ನು ಊಟಕ್ಕೆ ಕೈಬೀಸಿ ಕರೆಯುತ್ತಿದ್ದ ಒಬ್ಬರಿಗೂ ನಿಂತಿತು. ನಾಲ್ಕನೇ ತಿರುವಿನಲ್ಲಿ ಶೇಂಗಾ ಮಾರುವ ಅಜ್ಜಿ ಬುಟ್ಟಿ ಸಮೇತ ಹತ್ತಿಯೇಬಿಟ್ಟಳು! ಒಂದು ಸುತ್ತಿಗೆ ಹದಿನಾಲ್ಕು ನಿಮಿಷ ಹಿಡಿಯಿತು.

ಯಜಮಾನರು ಮೆಲ್ಲನೆ ಎದ್ದು ನಿಂತರು. ಕಾರು ನಿಂತಾಗಲೆಲ್ಲ ಅವರ ಬಲಗಾಲು ತಾನಾಗಿ ನೆಲ ಅದುಮುತ್ತಿತ್ತು.

"ಲೇ ಪಂಚಾಕ್ಷರಿ, ಆ ಬ್ರೇಕು ನಂದು!"

"ಅದೂ... ಅಣ್ಣಾ..."

"ಬಿ.ಪಿ. ನೋಡೋ ಪಟ್ಟಿ ಅಂತ ಸರ್ವಿಸ್ಸಿನ ಕೊನೇ ತಿಂಗ್ಳೆಲ್ಲ ನನ್ನ ಕೈಗೆ ಕಟ್ಟಿದ್ದೆಯಲ್ಲ!"

"ಬಿ.ಪಿ.ನೂ ನೋಡ್ತಿತ್ತು ಅಣ್ಣಾ, ಸುಳ್ಳು ಹೇಳಿಲ್ಲ!"

"ಬಸ್ ಓಡ್ಸೋ ಕೈನ ರೇಸ್ ಕಾರಿಗೆ ಹಾಕ್ತಾರೇನೋ?"

"ಮೂವತ್ತೆರಡು ವರ್ಷದಲ್ಲಿ ನಿನ್ನ ಬಸ್ಸಿಗೆ ಒಂದು ಗೀರಿಲ್ಲ. ನಮ್ಮ ಪುಟ್ಟಿಗೆ ಅದಕ್ಕಿಂತ ಇನ್ಯಾರ ಕೈ ತರ್ಲಿ? ಕೈ ಮಾಡಿದೋರಿಗೆಲ್ಲ ನಿಲ್ಲಿಸ್ತೀಯ ಅಂತ ನಂಗೇನು ಗೊತ್ತು!"

"ನಿಲ್ಲಿಸ್ದೆ ಇನ್ನೇನು? ಮುಂದಿನ ಬಸ್ಸು ಎರಡು ಗಂಟೆ ಬಿಟ್ಟು! ಅಲ್ಲೀತನಕ ಬಿಸ್ಲಲ್ಲಿ ಒಣಗ್ಬೇಕೇನು ಜನ?"

ಡಬ್ಬಿ ಕಿತ್ತು ನೋಡಿದರು. ಆದರೂ ಕಾರು ಕೈ ಕಂಡಲ್ಲೆಲ್ಲ ನಿಲ್ಲುವುದನ್ನು ಬಿಡಲಿಲ್ಲ. "ಅಭ್ಯಾಸ ವೈರುಗಳಿಗೆಲ್ಲ ಇಳ್ದುಬಿಟ್ಟೈತೆ ಅತ್ತಿಗೆ" ಎಂದು ಪಂಚಾಕ್ಷರಿ ತಲೆ ಕೆರೆದುಕೊಂಡ. ವಿನುತಾ ಯಾರನ್ನೂ ಬೈಯಲಿಲ್ಲ. ಒಂದು ಹಳೇ ಟೈರಿನ ಮೇಲೆ ಕೂತಳು. ಚಿತ್ರಾನ್ನ ಮುಟ್ಟಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

"ರೀ," ಎಂದೆ ಯಜಮಾನರಿಗೆ, "ಯಾರು ಕೈ ಮಾಡಿದ್ರೂ ನಿಲ್ಲಿಸ್ದೆ ಹೋಗಿದ್ದು ಯಾವತ್ತಾದ್ರೂ ಉಂಟಾ?"

ಅವರು ಯೋಚಿಸಿದರು. "ಒಂದೇ ಸಲ. ಕೊನೇ ತಿಂಗ್ಳಲ್ಲಿ, ಇದೇ ದಾರೀಲಿ. ಹೆರಿಗೆ ನೋವು ಬಂದಿದ್ದ ಹೆಣ್ಮಗಳು ಇದ್ಳು ಬಸ್ಸಲ್ಲಿ. ಎಲ್ಲೂ ನಿಲ್ಲಿಸ್ಲಿಲ್ಲ, ಸೀದಾ ಇಲ್ಲಿನ ತಾಲ್ಲೂಕು ಆಸ್ಪತ್ರೆಗೇ."

ಮೂವರೂ ಒಟ್ಟಿಗೆ ನನ್ನ ಕಡೆ ತಿರುಗಿದರು.

"ನನ್ನನ್ಯಾಕೆ ನೋಡ್ತೀರಿ? ನಂಗೆ ಐವತ್ಮೂರು ವರ್ಷ!"

ಭಾನುವಾರ ಬೆಳಗ್ಗೆ ತುರುಬು ಬಿಚ್ಚಿ ಹೆಲ್ಮೆಟ್ ಹಾಕಿಕೊಂಡೆ. ಪಕ್ಕದ ಸೀಟಿನಲ್ಲಿ ಒಬ್ಬರು ಕೂರಬಹುದೆಂದು ನಿಯಮದಲ್ಲೇ ಇತ್ತು.

"ಹೆದರ್ಬೇಡಮ್ಮಾ."

"ನೀನು ರಸ್ತೆ ನೋಡು."

ಬಾವುಟ ಬೀಸಿದರು. "ಅಯ್ಯೋ..." ಎಂದೆ ಸಂಕೋಚದಿಂದ. ಕಾರು ಬಾವುಟದ ಹತ್ತಿರ ನಿಧಾನವಾಯಿತು. "ಜೋರಾಗಿ ಅತ್ತಿಗೆ!" ಎಂದು ಗ್ಯಾಲರಿಯಿಂದ ಪಂಚಾಕ್ಷರಿ ಅರಚಿದ. ನಾನು ಉಸಿರೆಳೆದು, "ಅಯ್ಯಯ್ಯೋ! ಸತ್ತೆನಮ್ಮಾ!" ಎಂದು ಕಿರುಚಿದೆ.

ಕಾರು ನೆಗೆಯಿತು! ಬಾವುಟದವರೆಲ್ಲ ಬದಿಗೆ ಹಾರಿದರು. ಅಷ್ಟು ವೇಗದಲ್ಲೂ ಒಂದೇ ಒಂದು ಕುಲುಕಾಟವಿಲ್ಲ. ನಿದ್ದೆ ಹೋದ ಕೂಸನ್ನು ತೊಟ್ಟಿಲಿಗೆ ಹಾಕುವ ಹಾಗೆ ಪ್ರತಿ ತಿರುವಿನಲ್ಲೂ ಮೆತ್ತಗೆ ಬಾಗಿತು. ಎರಡನೇ ಸುತ್ತಿನಿಂದ ನಾನು ನಟಿಸಬೇಕಾಗಿಯೇ ಇರಲಿಲ್ಲ.

"ಅಮ್ಮಾ, ಕಿವಿ ಹೋಯ್ತು!"

"ಸುಮ್ನಿರು, ಇನ್ನೂ ಒಂದು ಸುತ್ತೈತೆ!"

ಮೂರನೇ ಸುತ್ತೂ ಮುಗಿಯಿತು. ಜನ ಚಪ್ಪಾಳೆ ತಟ್ಟಿದರು. ಕಾರು ಮಾತ್ರ ನಿಲ್ಲಲಿಲ್ಲ. ಸ್ಟೀರಿಂಗ್ ತಾನೇ ತಿರುಗಿತು. ವಿನುತಾ ಎರಡೂ ಕೈ ಎತ್ತಿ ನನಗೆ ತೋರಿಸಿದಳು! ಗೇಟು ದಾಟಿ, ಹೆದ್ದಾರಿ ಹಿಡಿದು, ಹಾರ್ನ್ ಬಡಿಯುತ್ತ ಸೀದಾ ತಾಲ್ಲೂಕು ಆಸ್ಪತ್ರೆಯ ಹೆರಿಗೆ ವಾರ್ಡಿನ ಬಾಗಿಲಿಗೆ ಬಂದು ನಿಂತಿತು. ನರ್ಸಮ್ಮ ಸ್ಟ್ರೆಚರ್ ತಳ್ಳಿಕೊಂಡು ಓಡಿಬಂದಳು.

"ಎಷ್ಟನೇದು ತಾಯಿ?"

"ಇದ್ದಿದ್ದೇ ಒಂದು. ಇವ್ಳೇ, ಕಾರು ಓಡಿಸ್ಕೊಂಡು ಬಂದೋಳು."

"ಮತ್ತೆ ಈಗ ಕೂಗಿದ್ದು?"

"ಅದು ಲೈಸೆನ್ಸಿಗೆ ಕಣಮ್ಮಾ."

ಅವಳು ಸ್ಟ್ರೆಚರನ್ನು ತಿರುಗಿಸಿಕೊಂಡು ಹೋದಳು.

ಅರ್ಧ ಗಂಟೆಯ ಮೇಲೆ ಅಣ್ಣತಮ್ಮಂದಿರು ಆಟೋದಲ್ಲಿ ಬಂದರು. ಯಜಮಾನರ ಕೈಯಲ್ಲಿ ಕಾಗದವಿತ್ತು. ಮೂರು ಸುತ್ತೂ ಎರಡು ನಿಮಿಷದೊಳಗೆ, ಒಂದೂ ತಪ್ಪಿಲ್ಲ, ಪಾಸು! ವಿನುತಾ ಅದನ್ನು ಎರಡು ಸಲ ಓದಿದಳು. ಆಮೇಲೆ ಸಣ್ಣ ದನಿಯಲ್ಲಿ ಕೇಳಿದಳು: "ಅಪ್ಪಾಜಿ, ಮೂರನೇ ತಿರುವಲ್ಲಿ ಬ್ರೇಕ್ ಹಾಕಿದ್ದು ನಾನಾ, ನೀವಾ?"

"ಮೊದಲೆರಡು ಸುತ್ತು ನಾನೇ ಇರ್ಬೋದು. ಕೊನೇದ್ರಲ್ಲಿ ನನ್ನ ಕಾಲು ಅದುಮೋಕಿಂತ ಮುಂಚೆ ನೀನು ಹಾಕ್ದೆ. ನೋಡ್ದೆ ನಾನು."

ಅವಳು ಅಲ್ಲೇ, ಹೆರಿಗೆ ವಾರ್ಡಿನ ಬಾಗಿಲಲ್ಲಿ, ಅತ್ತುಬಿಟ್ಟಳು. ಸೆರಗಿನಿಂದ ಮುಖ ಒರೆಸಿದೆ.

ಮನೆಗೆ ಹೊರಡೋಣವೆಂದರೆ ಕಾರು ಜಪ್ಪಯ್ಯ ಎಂದರೂ ಕದಲಲಿಲ್ಲ! ಸೀಟಿ ಊದಿದ್ದಾಯಿತು, ಪಂಚಾಕ್ಷರಿ ಒದ್ದದ್ದೂ ಆಯಿತು. ನಾನೊಬ್ಬಳೇ ಕೂತು ನೋಡಿದೆ. ನಾನಿಳಿದ ಮೇಲೆ ವಿನುತಾ ಕೂತು ನೋಡಿದಳು. ಹಿಂದಿನಿಂದ ಆಂಬುಲೆನ್ಸ್ ಹಾರ್ನ್ ಹೊಡೆಯತೊಡಗಿತು.

ಆಗ ಯಜಮಾನರು ತಡವರಿಸುತ್ತ ಹೇಳಿದರು: "ಆವತ್ತು ನಾನೂ ಇಲ್ಲಿಂದ ಬಸ್ಸು ಎತ್ತಿರ್ಲಿಲ್ಲ. ಬಸ್ಸಲ್ಲಿದ್ದ ಜನಾನೂ ಬೇಡ ಅಂದ್ರು. ತಾಯಿ, ಮಗು ಇಬ್ರನ್ನೂ ಒಟ್ಟಿಗೆ ಕಣ್ಣಾರೆ ನೋಡಿದ್ಮೇಲೇ ನಾವು ಹೊರಟಿದ್ದು."

ನಾನು ಎಡಗಡೆ ಕೂತೆ, ವಿನುತಾ ಬಲಗಡೆ ಕೂತಳು. ಎರಡೂ ಬಾಗಿಲು ಮೆತ್ತಗೆ ಮುಚ್ಚಿಕೊಂಡವು, ಕಾರು ಹೊರಟಿತು.

ಮಗುವಿಗೆ ಇಪ್ಪತ್ತೇಳು ವರ್ಷ ಎಂಬುದನ್ನು ಅದು ವಿಚಾರಿಸಲಿಲ್ಲ.