ಖಾನಾಪುರದಲ್ಲಿ ನನ್ನ ಫ್ರೆಂಚ್ ಉಪಚಾರ

ಕನ್ನಡ, ಮರಾಠಿ, ಉರ್ದು ಮೂರರಲ್ಲೂ ಜಗಳವಾಡಬಲ್ಲ ಬೆಳಗಾವಿಯವನಿಗೆ ಫ್ರೆಂಚ್ ಯಾವ ಲೆಕ್ಕ? ಸಾವಿರದ ಒಂಬೈನೂರ ಎಂಬತ್ತರ ಸುಮಾರಿಗೆ, ಪಾಂಡಿಚೇರಿಯಿಂದ ಬಂದು ಅನಗೋಳದ ಮಗಳ ಮನೆಯಲ್ಲಿದ್ದ ನಿವೃತ್ತ ಮಾಸ್ತರರೊಬ್ಬರನ್ನು ಹಿಡಿದೆ. ಬಿಡಲಿಲ್ಲ!

ತಿಂಗಳುಗಟ್ಟಲೆ ನಾವು ಸಬ್ಜಂಕ್ಟಿವ್ ಎಂಬಲ್ಲೇ ನಿಂತಿದ್ದೆವು. ಆಸೆ, ಅನುಮಾನ, ಒತ್ತಾಯ ಹೇಳುವಾಗ ಫ್ರೆಂಚ್ ಕ್ರಿಯಾಪದ ವೇಷ ಬದಲಿಸುತ್ತದಂತೆ. ನನಗೆ ಬಾಯಿಪಾಠವಾದದ್ದು ಒಂದೇ ವಾಕ್ಯ. ಪಾಠ ಮುಗಿದ ಮೇಲೆ ಮಾಸ್ತರರು ದಿನಾಲೂ ಬಾಗಿಲಲ್ಲಿ ನಿಂತು, ಕೈಮುಗಿದು, "ಇಲ್ ಫೋ ಕ ವೂ ಪಾರ್ತಿಯೇ" ಎನ್ನುತ್ತಿದ್ದರು. ಕೈಮುಗಿದಿದ್ದಾರೆಂದ ಮೇಲೆ ಉಪಚಾರದ ಮಾತೇ ಇರಬೇಕು! ಅರ್ಥ ಕೇಳುವುದು ದಡ್ಡರ ಲಕ್ಷಣವೆಂದು ಕೇಳಲಿಲ್ಲ.

ಅಷ್ಟರಲ್ಲಿ ಖಾನಾಪುರದಿಂದ ಹೆಂಡತಿಯ ತಮ್ಮ ಬಸವರಾಜ ಓಡಿಬಂದ. ಅಲ್ಲಿ ಅವನದು ಗಡಿಗೆ, ಹೂಜಿ ಸುಡುವ ಭಟ್ಟಿ.

"ಮಾಮಾ, ಫ್ರಾನ್ಸಿನ ಬಾಯಾರೊಬ್ಬರು ಹೂಜಿ ನೋಡಾಕ ಬರಾಕತ್ತಾರ. ಮನಸ್ಸಿಗೆ ಬಂದ್ರ ತಮ್ಮ ದೇಶಕ್ಕ ಒಯ್ತಾರಂತ. ನೀವ ಮಾತಾಡಬೇಕು!"

"ಚಿಂತಿ ಬಿಡು," ಎಂದೆ. ಹೆಂಡತಿ ಶಾಂತಾ ಮೊದಲ ಸಲ ನನ್ನನ್ನು ಗೌರವದಿಂದ ನೋಡಿದಳು.

ನಾನೂ ಶಾಂತಾಳೂ ಖಾನಾಪುರ ಸೇರಿದ ದಿನವೇ ಬಾಯಾರು ಬಂದರು. ಹೂಜಿಗಳನ್ನು ಸವರಿ ಸವರಿ ಮೆಚ್ಚಿದರು. ಊಟಕ್ಕೆ ತಾಟು ಹಾಕಿತ್ತು. ಬಸವರಾಜ ನನ್ನ ಪಕ್ಕೆ ತಿವಿದ: "ಊಟಕ್ಕ ಕುಂದರ್ರಿ ಅನ್ರಿ, ಮಾಮಾ."

ನಾನು ಕೈಮುಗಿದು ಘೋಷಿಸಿದೆ: "ಇಲ್ ಫೋ ಕ ವೂ ಪಾರ್ತಿಯೇ!"

ಆಕೆಯ ಮುಖ ಸಪ್ಪಗಾಯಿತು. ಪಾಪ, ಸಂಕೋಚ! ಮತ್ತೊಮ್ಮೆ ಒತ್ತಿ ಹೇಳಿದೆ. ಚೀಲ ಎತ್ತಿಕೊಂಡರು. ಇನ್ನೂ ಒತ್ತಾಯ ಮಾಡುವಷ್ಟರಲ್ಲಿ ಜೀಪಿನ ಹತ್ತಿರ ಹೋಗಿದ್ದರು! ಅಲ್ಲಿಂದ ಹರಕು ಇಂಗ್ಲಿಷಿನಲ್ಲಿ ಕೇಳಿದರು: "ನಾನು ಯಾಕೆ ಹೊರಡಬೇಕು? ಏನು ತಪ್ಪು ಮಾಡಿದೆ?"

ಆಗ ಹೊಳೆಯಿತು. ಆ ವಾಕ್ಯದ ಅರ್ಥ 'ನೀವಿನ್ನು ಹೊರಡಬೇಕು' ಎಂದು! ಅಂದರೆ ಮಾಸ್ತರರು ಇಷ್ಟು ದಿನವೂ ನನ್ನನ್ನು ಹೊರಹಾಕುತ್ತಲೇ ಇದ್ದರು!

"ಏನಂದ್ರಿ ಅವರಿಗೆ?" ಶಾಂತಾ ಗದರಿದಳು.

"ವ್ಯಾಕರಣದಾಗ ತಪ್ಪಿಲ್ಲ," ಎಂದೆ.

ಅವಳು ಸೆರಗು ಸಿಕ್ಕಿಸಿ ಓಡಿಹೋಗಿ ಆಕೆಯ ಕೈ ಹಿಡಿದಳು. "ಉಣ್ಣದ ಹೋಗೂದಂದ್ರೇನ್ರೀ ಬಾಯಾರ? ಬರ್ರಿ, ಕುಂದರ್ರಿ! ಇವರ ಮಾತು ನಮ್ಮ ಮನ್ಯಾಗ ಯಾರೂ ಕೇಳೂದಿಲ್ಲ!"

ಒಂದು ಶಬ್ದವೂ ತಿಳಿಯದ ಆಕೆ ನಕ್ಕು ಹಿಂದಿರುಗಿದರು. ರೊಟ್ಟಿ ಮುರಿದರು. ಬಸವರಾಜನಿಗೆ ಜೀವ ಬಂತು.

ಊಟದ ನಡುವೆ ಆಕೆ ನನ್ನತ್ತ ತಿರುಗಿ ಫ್ರೆಂಚಿನಲ್ಲಿ ಏನೋ ಕೇಳಿದರು. "ವುಯಿ, ವುಯಿ," ಎಂದು ಗಂಭೀರವಾಗಿ ತಲೆಯಾಡಿಸಿದೆ. ಮತ್ತೆ ಕೇಳಿದರು. ಮತ್ತೆ ತಲೆಯಾಡಿಸಿದೆ.

"ಉಪ್ಪು ಕೇಳಾಕತ್ತಾರ," ಎಂದಳು ಶಾಂತಾ. "ಕೊಡ್ರಿ."

ಕೊಟ್ಟೆ.