ಡುಮ್ಮಣ್ಣನ ಉಪಚಾರ

ಮುರಿಗೆಪ್ಪ ಮಾಡಿದ ಯಂತ್ರಗಳೆಂದರೆ ಹೆಂಡತಿ ಗಿರಿಜವ್ವನಿಗೆ ಆಗದು. ಹಿಂದಿನದು ರೊಟ್ಟಿ ಬಡಿಯುವ ಯಂತ್ರ. ಪಕ್ಕದ ಮನೆಯ ಗೋಡೆಯನ್ನೂ ಬಡಿದಿತ್ತು. ಆದರೂ ಈ ಸಲ ಆಕೆ ಬೇಡವೆನ್ನಲಿಲ್ಲ. ರಾಣೆಬೆನ್ನೂರಿನ ಆಕೆಯ ಬಾಲವಾಡಿಯಲ್ಲಿ ಮಕ್ಕಳು ಕಡಿಮೆಯಾಗಿದ್ದರು. ಹೊಸದೇನೂ ಕಲಿಸುತ್ತಿಲ್ಲವೆಂದು ಮೇಲ್ವಿಚಾರಕಿ ಇಂದುಮತಿಗೆ ಅನ್ನಿಸಿದರೆ ಬಾಲವಾಡಿ ಮುಚ್ಚುವುದೇ ಸೈ. ಅವರು ಸೋಮವಾರ ತಪಾಸಣೆಗೆ ಬರುವವರಿದ್ದರು.

ಮೋಟಾರು ರಿಪೇರಿಯ ಮುರಿಗೆಪ್ಪ ಪೀಪಾಯಿಗೆ ಗಾಲಿ, ಕೈ, ಮಾತು ಕೇಳುವ ಕಿವಿ ಎಲ್ಲ ಜೋಡಿಸಿ ಡುಮ್ಮಣ್ಣ ಎಂಬ ಯಂತ್ರವನ್ನು ತಂದು ನಿಲ್ಲಿಸಿದ. ಮಕ್ಕಳು ಚಿತ್ರದ ಬಿಲ್ಲೆಗಳನ್ನು ಸಾಲಾಗಿ ಅದರ ಹೊಟ್ಟೆಗೆ ಹಾಕಿದರೆ ಅದೇ ಕ್ರಮದಲ್ಲಿ ಕೆಲಸ ಮಾಡುತ್ತದೆ. ಹಾಗೆ ಮಕ್ಕಳು ಹೆಜ್ಜೆ ಹೆಜ್ಜೆಯಾಗಿ ಯೋಚಿಸುವುದನ್ನು ಕಲಿಯುತ್ತಾರೆ ಎಂಬುದು ಅವನ ಲೆಕ್ಕ.

“ಹೇಳಿದಷ್ಟ ಮಾಡತೈತಿ. ನಿನ್ನಂಗ ಸ್ವಂತ ಬುದ್ಧಿ ಓಡಸಂಗಿಲ್ಲ,” ಎಂದ. ಗಿರಿಜವ್ವ ಆ ಮಾತನ್ನು ನೆನಪಿಟ್ಟುಕೊಂಡಳು.

ಸೋಮವಾರ ಇಂದುಮತಿ ಬಂದು ಕುಳಿತರು. ಬಂದವರಿಗೆ ಉಪ್ಪಿಟ್ಟು ನೀಡುವ ಕ್ರಮವನ್ನು ಮಕ್ಕಳೇ ಬಿಲ್ಲೆ ಜೋಡಿಸಿ ಕಲಿಸಿದ್ದರು. ಡುಮ್ಮಣ್ಣ ತಟ್ಟೆ ಇಟ್ಟ, ಬಡಿಸಿದ. ಅವರು ಮೆಚ್ಚಿಕೊಂಡೇ ತಿಂದರು. ಮತ್ತೆ ಬಡಿಸಿದ. ಸಾಕೆಂದರು, ಇನ್ನಷ್ಟು ಬಡಿಸಿದ. ತಟ್ಟೆಗೆ ಕೈ ಅಡ್ಡ ಹಿಡಿದರೆ ಕೈಮೇಲೆಯೇ ಬಿತ್ತು. ಎದ್ದು ಹೊರಟರೆ ಬಾಗಿಲಿಗೆ ಅಡ್ಡ ನಿಂತು, ಅವರ ಕೈಚೀಲಕ್ಕೂ ಒಂದು ಸೌಟು ಸುರಿದ. ಮುರಿಗೆಪ್ಪ ಓಡಿ ಬಂದು ನಿಲ್ಲಿಸುವ ಗುಂಡಿ ಒತ್ತಿದ. ಗುಂಡಿಯ ಸಂದಿಯಲ್ಲೂ ಉಪ್ಪಿಟ್ಟು ಹೊಕ್ಕಿತ್ತು.

“ಸ್ವಂತ ಬುದ್ಧಿ ಇದ್ದಿದ್ದರ ಇಷ್ಟೊತ್ತಿಗೆ ನಿಲ್ಲತಿತ್ತು,” ಎಂದಳು ಗಿರಿಜವ್ವ. ಬಾಲವಾಡಿಯ ಕತೆ ಮುಗಿಯಿತೆಂದು ಅವಳಿಗೆ ಅಳುವೇ ಬಂದಿತ್ತು. ಏನು ಕಲಿಸಿದ್ದೀರೆಂದು ಮಕ್ಕಳನ್ನು ಕೇಳಿದಳು.

ಐದು ವರ್ಷದ ದಾನಮ್ಮನಿಗೆ ಇದರಲ್ಲಿ ತಪ್ಪೇ ಕಾಣಲಿಲ್ಲ. “ಬಂದವರು ಸಾಕು ಅಂದ್ರ ಇನ್ನಷ್ಟು ನೀಡಬೇಕ್ರಿ. ನಮ್ಮವ್ವ ಹಂಗ ಮಾಡತಾಳ.”

“ನಿಲ್ಲೂದು ಯಾವಾಗ?”

“ಅವರು ತೇಗಿದ ಮ್ಯಾಲೆ. ಆಮ್ಯಾಲೆ ಎಲಿಅಡಿಕಿ, ಅದ ಕಡೀ ಬಿಲ್ಲಿ.”

ಗಿರಿಜವ್ವ ಕೈಮುಗಿದು, ದಯಮಾಡಿ ಒಮ್ಮೆ ತೇಗಬೇಕೆಂದು ಮೇಲ್ವಿಚಾರಕಿಯನ್ನು ಬೇಡಿಕೊಂಡಳು. ಎಲ್ಲರೆದುರು ತೇಗುವುದೆಂದರೇನು! ಇಂದುಮತಿ ತುಟಿ ಬಿಗಿಹಿಡಿದರು. ಸೌಟು ಮತ್ತೆ ಮೇಲೆದ್ದಿತು. ಅವರು ಕಣ್ಣು ಮುಚ್ಚಿ, ಕಿಟಕಿ ಅದುರುವ ಹಾಗೆ ತೇಗಿದರು. ಡುಮ್ಮಣ್ಣ ಸೌಟು ಇಳಿಸಿ ಎಲೆಅಡಿಕೆ ಮುಂದೆ ಹಿಡಿದ.

ಆಮೇಲೆ ಇಂದುಮತಿ ಎಲೆ ಮಡಿಸುತ್ತ, ಕೆಲಸ ಎಲ್ಲಿ ಶುರು, ಎಲ್ಲಿ ಮುಕ್ತಾಯ ಎಂಬುದು ತಮ್ಮ ಕಚೇರಿಯಲ್ಲಿ ಯಾರಿಗೂ ಇಷ್ಟು ಸ್ಪಷ್ಟವಾಗಿಲ್ಲ ಎಂದರು. ಬಾಲವಾಡಿ ಮುಚ್ಚುವ ಮಾತನ್ನೇ ಬಿಟ್ಟರು. ಗಿರಿಜವ್ವನಿಗೆ ಹೋದ ಜೀವ ಬಂದಂತಾಯಿತು.

“ಮುಂದಿನ ಸಲ ಏಕಾದಶಿ ದಿನ ಬರ್ತೀನಿ,” ಎಂದು ಇಂದುಮತಿ ಕೈಚೀಲ ಕೊಡವಿ ಹೊರಟರು.

ಉಪವಾಸದವರಿಗೆ ಅವಲಕ್ಕಿ ಬಡಿಸುವುದನ್ನು ಮಕ್ಕಳು ಅಂದೇ ಡುಮ್ಮಣ್ಣನಿಗೆ ಕಲಿಸಿದರು.